ನೋವಿರುವ ಬಲಗಾಲು, ನೋವಿಲ್ಲದ ಎಡಗಾಲು: ಡಾಪ್ಲರ್ ವರದಿ ಏನು ಹೇಳುತ್ತಿದೆ?

ಪ್ರಶ್ನೆ: ನಮ್ಮ ತಂದೆಗೆ 63 ವರ್ಷ. ಹಾವೇರಿ ಜಿಲ್ಲೆಯ ಹಳ್ಳಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದಾರೆ. 14 ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ, ಬೀಡಿ ಇನ್ನೂ ಬಿಟ್ಟಿಲ್ಲ. ಒಂದು ವರ್ಷದಿಂದ ಹೊಲದ ದಾರಿಯಲ್ಲಿ ಇನ್ನೂರು ಮೀಟರ್ ನಡೆಯುವಷ್ಟರಲ್ಲಿ ಬಲಗಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ. ಎರಡು ನಿಮಿಷ ನಿಂತರೆ ಸರಿಹೋಗುತ್ತದೆ. ಮೊದಲು ನರದೌರ್ಬಲ್ಯವೆಂದು ಇಂಜೆಕ್ಷನ್ ಕೊಡಿಸಿದೆವು. ಔಷಧ ಅಂಗಡಿಯವರು ವೆರಿಕೋಸ್ ಇರಬಹುದೆಂದು ಬಿಗಿಯಾದ ಸಾಕ್ಸ್ ಕೊಟ್ಟರು. ಕೊನೆಗೆ ಎರಡು ಕಡೆ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಮಾಡಿಸಿದೆವು. ಬಲ ತೊಡೆಯ ಸೂಪರ್‌ಫಿಷಿಯಲ್ ಫೆಮೊರಲ್ ಆರ್ಟರಿಯಲ್ಲಿ ಒಂದು ವರದಿ ಶೇ. 50ಕ್ಕಿಂತ ಹೆಚ್ಚು ಬ್ಲಾಕ್ ಎಂದರೆ ಇನ್ನೊಂದು ಶೇ. 70 ಎನ್ನುತ್ತದೆ. ಎಬಿಐ ಬಲಗಾಲಿನಲ್ಲಿ 0.68, ಎಡಗಾಲಿನಲ್ಲಿ 1.45 ಇದೆ. ಎಡಗಾಲಿನ ಬಗ್ಗೆ ‘ಮೊಣಕಾಲಿನ ಕೆಳಗಿನ ನಾಳಗಳಲ್ಲಿ ಕ್ಯಾಲ್ಸಿಯಂ, ಮೊನೊಫೇಸಿಕ್ ಹರಿವು’ ಎಂದು ಬರೆದಿದ್ದಾರೆ. ಆದರೆ ಆ ಕಾಲಿನಲ್ಲಿ ನೋವೇ ಇಲ್ಲ. ಸ್ವಲ್ಪ ಜೋಮು, ಹೆಬ್ಬೆರಳಿನ ಬುಡದಲ್ಲಿ ಒಂದು ಹಳೆಯ ಆಣಿ, ಅಷ್ಟೆ. ಒಂದು ಆಸ್ಪತ್ರೆಯವರು ವಾರದೊಳಗೆ ಬಲಗಾಲಿಗೆ ಆಂಜಿಯೋಪ್ಲಾಸ್ಟಿ ಮಾಡಿಸದಿದ್ದರೆ ಕಾಲು ಕತ್ತರಿಸಬೇಕಾಗುತ್ತದೆ ಎಂದರು. ಸಂಬಂಧಿಕರೊಬ್ಬರು ಡ್ರಿಪ್ ಹಾಕಿಸಿದರೆ ಬ್ಲಾಕ್ ಕರಗುತ್ತದೆ ಎನ್ನುತ್ತಾರೆ. ಯಾರ ಮಾತು ಕೇಳುವುದು? 41 ವರ್ಷದ ನನ್ನ ಅಣ್ಣನೂ ಸಿಗರೇಟು ಸೇದುತ್ತಾನೆ. ಅವನಿಗೂ ಡಾಪ್ಲರ್ ಮಾಡಿಸಬೇಕೆ?

ಉತ್ತರ: ನಿಮ್ಮ ಆತಂಕವೆಲ್ಲ ನೋವಿರುವ ಬಲಗಾಲಿನದು. ವರದಿಯ ವಿವರಗಳನ್ನು ಓದಿದಾಗ ನನ್ನ ಕಣ್ಣು ಹೆಚ್ಚು ಹೊತ್ತು ನಿಂತದ್ದು ಎಡಗಾಲಿನ ಸಾಲುಗಳ ಮೇಲೆ. ಬಲಗಾಲಿನ ವಿಷಯದಲ್ಲಿ ಯೋಚಿಸಿ ನಿರ್ಧರಿಸಲು ನಿಮಗೆ ತಿಂಗಳುಗಳ ಕಾಲಾವಕಾಶವಿದೆ. ವಾರದೊಳಗೆ ಆಗಬೇಕಾದ ಕೆಲಸವಿರುವುದು ಎಡ ಪಾದಕ್ಕೆ. ನಾನು ನಿಮ್ಮ ತಂದೆಯವರ ಕಾಲನ್ನು ಮುಟ್ಟಿ, ನಾಡಿ ಹಿಡಿದು ನೋಡಿಲ್ಲವಾದ್ದರಿಂದ ಇದು ನಿಮ್ಮ ಬರವಣಿಗೆಯ ಆಧಾರದ ಮೇಲೆ ಕೊಟ್ಟ ಅಭಿಪ್ರಾಯವೆಂದು ತಿಳಿದು, ಅವರನ್ನು ಪರೀಕ್ಷಿಸುವ ರಕ್ತನಾಳ ತಜ್ಞರ ಮುಂದೆ ಈ ವಿಷಯಗಳನ್ನು ಇಡಿ.

ಮೊದಲು ಬಲಗಾಲಿನ ನೋವು. ವಿಶ್ರಾಂತಿಯಲ್ಲಿರುವ ಮಾಂಸಖಂಡಕ್ಕೆ ಬೇಕಾಗುವ ರಕ್ತ ಕಡಿಮೆ. ನಡೆಯಲು ತೊಡಗಿದೊಡನೆ ಅದರ ಬೇಡಿಕೆ ಹಲವು ಪಟ್ಟು ಏರುತ್ತದೆ. ತೊಡೆಯ ಅಪಧಮನಿ (ಹೃದಯದಿಂದ ರಕ್ತ ತರುವ ನಾಳ) ಕಿರಿದಾಗಿದ್ದರೆ ಕುಳಿತಾಗ ಸಾಕಾಗುವ ರಕ್ತ ನಡೆಯುವಾಗ ಸಾಲದೆ, ಆ ಜಾಗಕ್ಕಿಂತ ಕೆಳಗಿರುವ ಮೀನಖಂಡ ನೋಯುತ್ತದೆ. ಹೆಚ್ಚುಕಡಿಮೆ ಪ್ರತಿ ಸಲವೂ ಅಷ್ಟೇ ದೂರಕ್ಕೆ ನೋವು ಬರುವುದು, ಸುಮ್ಮನೆ ನಿಂತರೂ ಎರಡು ಮೂರು ನಿಮಿಷದಲ್ಲಿ ಹೋಗುವುದು ಇದರ ಗುರುತು. ಬೆನ್ನುಮೂಳೆಯ ಒತ್ತಡದಿಂದ ಬರುವ ಕಾಲುನೋವಿನವರು ನಿಂತರೆ ಸಾಲದು, ಕುಳಿತುಕೊಳ್ಳಬೇಕು ಇಲ್ಲವೇ ಮುಂದಕ್ಕೆ ಬಾಗಬೇಕು. ವೆರಿಕೋಸ್ (ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿಗಳು ಉಬ್ಬುವ ಕಾಯಿಲೆ) ಇರುವವರಿಗೆ ಬಹಳ ಹೊತ್ತು ನಿಂತ ಮೇಲೆ ಕಾಲು ಭಾರವಾಗಿ ಸಂಜೆಗೆ ಊದಿಕೊಳ್ಳುತ್ತದೆ, ಕಾಲೆತ್ತಿ ಮಲಗಿದರೆ ಹಗುರವಾಗುತ್ತದೆ. ನಿಮ್ಮ ತಂದೆಯವರ ವರ್ಣನೆ ಅಪಧಮನಿಯ ಕಾಯಿಲೆಗೆ ಎಷ್ಟು ಚೆನ್ನಾಗಿ ಹೊಂದುತ್ತದೆಯೆಂದರೆ, ಅದನ್ನು ಕೇಳಿದ ಮೇಲೆ ಡಾಪ್ಲರ್ ಮಾಡುವುದು ಕಾಯಿಲೆಯ ಜಾಗ ಗೊತ್ತುಮಾಡಿಕೊಳ್ಳಲು ಮಾತ್ರ. ನರದೌರ್ಬಲ್ಯದ ಇಂಜೆಕ್ಷನ್ ಈ ನೋವಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಆದರೆ ಅವರು ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡಿದ್ದರೆ ಬಿ12 ಜೀವಸತ್ವ ಕಡಿಮೆಯಾಗಿರುವ ಸಾಧ್ಯತೆಯಿದ್ದು, ಜೋಮಿಗೆ ಅದೂ ಒಂದು ಕಾರಣವಾಗಬಲ್ಲದು. ಒಂದು ರಕ್ತಪರೀಕ್ಷೆಯಿಂದ ಅದು ಗೊತ್ತಾಗುತ್ತದೆ.

ಎರಡು ವರದಿಗಳ ಅಂಕಿ ಬೇರೆಯಾಗಿರುವುದಕ್ಕೆ ಯಾವುದೋ ಒಂದು ಯಂತ್ರ ಕೆಟ್ಟಿದೆಯೆಂದು ಅರ್ಥವಲ್ಲ. ಇದನ್ನು ಅರಿಯಲು ಡಾಪ್ಲರ್ ಏನನ್ನು ಅಳೆಯುತ್ತದೆ ಎಂಬುದು ಗೊತ್ತಿರಬೇಕು. ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ನಕ್ಷತ್ರಗಳ ಬೆಳಕಿನ ಬಗ್ಗೆ ಬರೆಯುತ್ತ ಮಂಡಿಸಿದ ತತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ: ಚಲಿಸುವ ವಸ್ತುವಿಗೆ ತಾಗಿ ಮರಳುವ ತರಂಗದ ಆವರ್ತನ, ಆ ವಸ್ತುವಿನ ವೇಗಕ್ಕೆ ತಕ್ಕಂತೆ ಬದಲಾಗುತ್ತದೆ. ಚರ್ಮಕ್ಕೆ ಜೆಲ್ ಹಚ್ಚಿ ಇಡುವ ಪ್ರೋಬ್, ನಮ್ಮ ಕಿವಿಗೆ ಕೇಳದ ಶಬ್ದತರಂಗಗಳನ್ನು ಒಳಗೆ ಕಳುಹಿಸಿ, ಹರಿಯುವ ಕೆಂಪು ರಕ್ತಕಣಗಳಿಂದ ಮರಳಿ ಬಂದದ್ದನ್ನು ಕೇಳಿಸಿಕೊಂಡು ವೇಗವನ್ನು ಲೆಕ್ಕಹಾಕುತ್ತದೆ. ಎಕ್ಸ್-ರೇ ಇದರಲ್ಲಿಲ್ಲ. ಬಣ್ಣದ ಔಷಧ ಚುಚ್ಚುವುದಿಲ್ಲ, ಹೀಗಾಗಿ ಕಿಡ್ನಿಗೂ ತೊಂದರೆಯಿಲ್ಲ. ಪರದೆಯ ಮೇಲಿನ ಕೆಂಪು ಶುದ್ಧ ರಕ್ತ, ನೀಲಿ ಅಶುದ್ಧ ರಕ್ತ ಎಂದು ಹಲವರು ನಂಬಿದ್ದಾರೆ. ವಾಸ್ತವದಲ್ಲಿ ಒಂದು ಬಣ್ಣ ಪ್ರೋಬಿನ ಕಡೆಗೆ ಬರುವ ಹರಿವಿನದು, ಇನ್ನೊಂದು ದೂರ ಹೋಗುವ ಹರಿವಿನದು. ಒಂದು ಗುಂಡಿ ಒತ್ತಿದರೆ ಎರಡೂ ಅದಲುಬದಲಾಗುತ್ತವೆ.

ನಾಳ ಕಿರಿದಾದ ಜಾಗದಲ್ಲಿ ರಕ್ತ ವೇಗವಾಗಿ ಹಾಯಬೇಕಾಗುತ್ತದೆ. ಅದಕ್ಕಿಂತ ಸ್ವಲ್ಪ ಮೇಲೆ, ನಾಳ ಚೆನ್ನಾಗಿರುವ ಕಡೆ ಗರಿಷ್ಠ ವೇಗ ಸೆಕೆಂಡಿಗೆ 90 ಸೆಂಟಿಮೀಟರ್ ಇದ್ದು, ಕಿರಿದಾದ ಕಡೆ 270 ಆಗಿದ್ದರೆ ಅನುಪಾತ 3. ಕಾಲಿನ ಅಪಧಮನಿಗಳಲ್ಲಿ ಈ ಅನುಪಾತ 2 ದಾಟಿದರೆ ಶೇ. 50ಕ್ಕಿಂತ ಹೆಚ್ಚು, 4 ದಾಟಿದರೆ ಶೇ. 75ಕ್ಕಿಂತ ಹೆಚ್ಚು ಕಿರಿದಾಗಿದೆ ಎಂದು ಸಾಮಾನ್ಯವಾಗಿ ಪರಿಗಣಿಸುತ್ತೇವೆ. ಅಂದರೆ ಡಾಪ್ಲರ್ ನೇರವಾಗಿ ಅಳೆಯುವುದು ವೇಗವನ್ನು. ಶೇಕಡಾವಾರು ಬ್ಲಾಕ್ ಅದರಿಂದ ಊಹಿಸಿದ್ದು, ಅದೂ ಒಂದು ವ್ಯಾಪ್ತಿಯೊಳಗೆ. ‘ಶೇ. 50ಕ್ಕಿಂತ ಹೆಚ್ಚು’ ಎಂದು ಬರೆದವರೂ ‘ಶೇ. 70’ ಎಂದು ಬರೆದವರೂ ಒಂದೇ ವ್ಯಾಪ್ತಿಯಲ್ಲಿದ್ದಾರೆ, ಮೊದಲನೆಯವರು ಸ್ವಲ್ಪ ಹೆಚ್ಚು ಎಚ್ಚರದಿಂದ ಬರೆದಿದ್ದಾರೆ ಎನ್ನಬಹುದು. ಇದರ ಜೊತೆಗೆ ಪ್ರೋಬಿನ ಕೋನವೂ ಸೇರುತ್ತದೆ: ಹರಿವಿಗೂ ತರಂಗಕ್ಕೂ ನಡುವಿನ ಕೋನವನ್ನು 60 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇಡಬೇಕೆಂಬುದು ನಿಯಮ, ಮತ್ತು ಆ 60ರ ಆಸುಪಾಸಿನಲ್ಲಿ 5 ಡಿಗ್ರಿ ತಪ್ಪಿದರೂ ವೇಗದ ಲೆಕ್ಕ ಸುಮಾರು ಶೇ. 15ರಷ್ಟು ಏರುಪೇರಾಗುತ್ತದೆ. ಆದ್ದರಿಂದಲೇ ಈ ಪರೀಕ್ಷೆಯಲ್ಲಿ ಯಂತ್ರದ ಬೆಲೆಗಿಂತ ಮಾಡುವವರ ಕೈ ಮುಖ್ಯ. ಎರಡೂ ಕಾಲುಗಳನ್ನು ಹೊಟ್ಟೆಯ ಭಾಗದಿಂದ ಪಾದದವರೆಗೆ ಸರಿಯಾಗಿ ನೋಡಲು ಮುಕ್ಕಾಲು ಗಂಟೆಯಾದರೂ ಬೇಕು; ಹತ್ತು ನಿಮಿಷದಲ್ಲಿ ಮುಗಿದ ಸ್ಕ್ಯಾನಿನ ಮೇಲೆ ನಾನು ದೊಡ್ಡ ತೀರ್ಮಾನ ಮಾಡುವುದಿಲ್ಲ.

ಇನ್ನು ನೀವು ಚೆನ್ನಾಗಿದೆಯೆಂದು ನೆಮ್ಮದಿಯಾಗಿರುವ ಎಡಗಾಲು. ಎಬಿಐ ಎಂದರೆ ಕಣಕಾಲಿನ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸಿದಾಗ ಬರುವ ಅಂಕಿ. ಬಿಪಿ ಪಟ್ಟಿಯೂ ಪೆನ್ಸಿಲ್ ಡಾಪ್ಲರ್ ಎಂಬ ಕೈಯಲ್ಲಿ ಹಿಡಿಯುವ ಸಣ್ಣ ಉಪಕರಣವೂ ಇದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಮಾಡಬಹುದು. (ಚಿತ್ರ ತೋರಿಸುವ ಸ್ಕ್ಯಾನ್ ಯಂತ್ರಗಳನ್ನು ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ನೋಂದಾಯಿಸಬೇಕಾದ್ದರಿಂದ, ಅವುಗಳನ್ನು ಬೇಕೆಂದಾಗ ಹಳ್ಳಿಯ ಶಿಬಿರಗಳಿಗೆ ಒಯ್ಯುವುದು ಸುಲಭವಲ್ಲ. ಚಿತ್ರವನ್ನೇ ತೋರಿಸದ ಈ ಪೆನ್ಸಿಲ್ ಅಲ್ಲಿ ನಮಗೆ ಬಹಳ ಉಪಕಾರಿ.) ಈ ಅಂಕಿ 1.00ರಿಂದ 1.40ರ ಒಳಗಿದ್ದರೆ ಸಹಜ, 0.90 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಅಪಧಮನಿಯ ಕಾಯಿಲೆ. 0.68 ಎಂಬುದು ಮಧ್ಯಮ ಮಟ್ಟದ ತೊಂದರೆ. ಹಾಗಾದರೆ 1.45 ಎಂದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವುದು ಸಹಜವೇ. ಬಹಳ ವರ್ಷದ ಮಧುಮೇಹದಲ್ಲಿ, ಕಿಡ್ನಿ ಕಾಯಿಲೆಯಲ್ಲಿ, ಮೊಣಕಾಲಿನ ಕೆಳಗಿನ ಅಪಧಮನಿಗಳ ಗೋಡೆಯ ನಡುಪದರದಲ್ಲಿ ಕ್ಯಾಲ್ಸಿಯಂ ಸೇರಿ ನಾಳ ಬಿರುಸಾಗುತ್ತದೆ. ಪಟ್ಟಿಗೆ ಎಷ್ಟು ಗಾಳಿ ತುಂಬಿದರೂ ಅಂಥ ನಾಳ ಅಮುಕಿಕೊಳ್ಳುವುದಿಲ್ಲ. ಆಗ ಒಳಗಿನ ರಕ್ತದ ಒತ್ತಡ ಕಡಿಮೆಯಿದ್ದರೂ ಅಂಕಿ ಮೇಲೇರಿ ನಿಲ್ಲುತ್ತದೆ. 1.40 ದಾಟಿದ ಎಬಿಐ ಆ ಕಾಲಿನ ರಕ್ತಸಂಚಾರದ ಬಗ್ಗೆ ನಮಗೆ ಏನನ್ನೂ ಹೇಳುತ್ತಿಲ್ಲವೆಂದೇ ತಿಳಿಯಬೇಕು.

ನಿಮ್ಮ ವರದಿಯಲ್ಲಿ ಅದರ ಪಕ್ಕದಲ್ಲೇ ಇರುವ ‘ಮೊನೊಫೇಸಿಕ್’ ಎಂಬ ಮಾತಿಗೆ ಹೆಚ್ಚು ತೂಕ ಕೊಡಬೇಕು. ಆರೋಗ್ಯವಂತ ಕಾಲಿನ ಅಪಧಮನಿಯಲ್ಲಿ ಪ್ರತಿ ಹೃದಯಬಡಿತಕ್ಕೂ ರಕ್ತ ಮುಂದೆ ನುಗ್ಗಿ, ಕ್ಷಣಕಾಲ ಹಿಂದೆ ಸರಿದು, ಮತ್ತೆ ಸ್ವಲ್ಪ ಮುಂದೆ ಹೋಗುತ್ತದೆ. ಪರದೆಯ ಮೇಲೆ ಮೂರು ಏರಿಳಿತ ಕಾಣುತ್ತದೆ. ಎರಡೇ ಕಂಡರೆ, ಹಿಂದೆ ಸರಿಯುವ ಅಲೆ ಉಳಿದಿರುವವರೆಗೆ, ವಯಸ್ಸಾದವರಲ್ಲಿ ಅದಕ್ಕಾಗಿ ಗಾಬರಿಪಡಬೇಕಿಲ್ಲ. ಹಿಂದೆ ಸರಿಯುವ ಅಲೆ ಪೂರ್ತಿ ಮಾಯವಾಗಿ, ಗುಡ್ಡದಂತೆ ನಿಧಾನವಾಗಿ ಏರಿ ಇಳಿಯುವ ಒಂದೇ ಅಲೆ ಉಳಿದರೆ ಮೇಲೆಲ್ಲೋ ಅಡ್ಡಿಯಿದ್ದು ಕೆಳಗಿನ ಭಾಗ ರಕ್ತಕ್ಕಾಗಿ ತೆರೆದುಕೊಂಡು ಕುಳಿತಿದೆ ಎಂದರ್ಥ. ಪಾದದಲ್ಲಿ ಸೋಂಕಿನಿಂದ ಉರಿಯೂತವಿದ್ದಾಗಲೂ ಹರಿವಿನ ರೂಪ ಬದಲಾಗುತ್ತದೆ, ಹಾಗಾಗಿ ಆಣಿಯ ಅಡಿಯಲ್ಲಿ ಏನಿದೆ ಎಂಬ ಪ್ರಶ್ನೆ ಮತ್ತಷ್ಟು ಮುಖ್ಯವಾಗುತ್ತದೆ.

ನೋವೇ ಇಲ್ಲವಲ್ಲ ಎನ್ನುತ್ತೀರಿ. ನನಗೆ ಅಂಜಿಕೆಯಿರುವುದು ಅದಕ್ಕೇ. ಮಧುಮೇಹದಿಂದ ಸ್ಪರ್ಶಜ್ಞಾನದ ನರಗಳು ಸೊರಗಿದ ಪಾದದಲ್ಲಿ ರಕ್ತ ಕಡಿಮೆಯಾದರೂ, ಮುಳ್ಳು ಚುಚ್ಚಿದರೂ, ಚಪ್ಪಲಿಯ ಉಂಗುಷ್ಠ ಉಜ್ಜಿ ಗಾಯವಾದರೂ ಗೊತ್ತಾಗುವುದಿಲ್ಲ. ಹೆಬ್ಬೆರಳಿನ ಬುಡದ ಆಣಿ ಅಂಥ ಪಾದದ ಮೇಲೆ ಅದೇ ಜಾಗದಲ್ಲಿ ನಿತ್ಯ ಬೀಳುವ ಒತ್ತಡದ ಫಲ. ಮೇಲೆ ಗಟ್ಟಿ ಚರ್ಮ ಇದ್ದಂತೆಯೇ ಇದ್ದು ಒಳಗೆ ಹುಣ್ಣು ಬೆಳೆದಿರುವುದನ್ನು ಮಧುಮೇಹಿಗಳ ಪಾದ ನೋಡುವ ಯಾವ ವೈದ್ಯರೂ ಪದೇಪದೇ ಕಂಡಿರುತ್ತಾರೆ. ಬಲಗಾಲಿನ ನೋವು ನಿಮ್ಮನ್ನು ಆಸ್ಪತ್ರೆಗೆ ಎಳೆದುಕೊಂಡು ಬಂದಿತು. ಎಡಗಾಲಿಗೆ ಆ ಬಾಯಿ ಇಲ್ಲ.

ಆದ್ದರಿಂದ ಈ ವಾರ ಮಾಡಿಸಬೇಕಾದದ್ದು ಹೀಗಿದೆ. ಮಧುಮೇಹಿಗಳ ಪಾದದ ಚಿಕಿತ್ಸೆಯಲ್ಲಿ ಅನುಭವವಿರುವವರು ಆಣಿಯನ್ನು ನೋಡಿ, ಅಗತ್ಯವಿದ್ದರೆ ಹೆರೆದು, ಒಳಗೆ ಹುಣ್ಣಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಮನೆಯಲ್ಲಿ ಬ್ಲೇಡಿನಿಂದ ಕೆತ್ತುವುದಾಗಲಿ ಅಂಗಡಿಯ ಕಾರ್ನ್ ಕ್ಯಾಪ್ ಅಂಟಿಸುವುದಾಗಲಿ ಕೂಡದು, ಆ ಪಟ್ಟಿಯಲ್ಲಿರುವ ಆಮ್ಲ ಚೆನ್ನಾಗಿರುವ ಚರ್ಮವನ್ನೂ ಸುಡುತ್ತದೆ. ಮೊನೊಫಿಲಮೆಂಟ್ ಎಂಬ ನೈಲಾನ್ ಎಳೆಯಿಂದ ಪಾದದ ಸ್ಪರ್ಶಜ್ಞಾನ ಪರೀಕ್ಷಿಸಬೇಕು. ಹೆಬ್ಬೆರಳಿನ ರಕ್ತದೊತ್ತಡ ಅಳೆಯಬೇಕು. ಬೆರಳಿನ ಸಣ್ಣ ನಾಳಗಳು ಸಾಮಾನ್ಯವಾಗಿ ಇಷ್ಟು ಬಿರುಸಾಗುವುದಿಲ್ಲವಾದ್ದರಿಂದ ಅಲ್ಲಿ ಸಿಗುವ ಅಂಕಿಯನ್ನು ನಂಬಬಹುದು: ಅದು ತೋಳಿನ ಒತ್ತಡದ 0.7ರಷ್ಟಕ್ಕಿಂತ ಕಡಿಮೆಯಿದ್ದರೆ ಕಾಯಿಲೆಯಿದೆ, ಆ ಒತ್ತಡ 30 ಮಿಲಿಮೀಟರ್ ಪಾದರಸಕ್ಕಿಂತ ಕೆಳಗಿದ್ದರೆ ಗಾಯವಾದರೆ ಮಾಗುವುದು ಕಷ್ಟ. ಇದೆಲ್ಲ ಆಗುವವರೆಗೆ, ಆದ ಮೇಲೂ, ಬರಿಗಾಲಲ್ಲಿ ಓಡಾಡಬಾರದು. ಗದ್ದೆಯಲ್ಲಿ ಇದು ಕಷ್ಟ, ದೇವಸ್ಥಾನದಲ್ಲಿ ಮುಜುಗರ. ಬಿಸಿಲಿಗೆ ಕಾದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಹಾಕಿ ಅಂಗಾಲಿಗೆ ಬೊಬ್ಬೆ ಎಬ್ಬಿಸಿಕೊಂಡು ಬರುವವರಿರುವುದರಿಂದ, ಬೆಳಗ್ಗೆ ತಂಪಿರುವಾಗ ಸಾಕ್ಸ್ ಹಾಕಿಕೊಂಡು ಹೋಗಿ ಎಂದು ಹೇಳುತ್ತೇನೆ. ಪ್ರತಿ ರಾತ್ರಿ ಮನೆಯವರು ಯಾರಾದರೂ ಪಾದದ ಅಡಿ ಮತ್ತು ಬೆರಳ ಸಂದುಗಳನ್ನು ನೋಡಬೇಕು. ಬಿಸಿನೀರಿನ ಶಾಖ, ಬಿಸಿ ಎಣ್ಣೆಯ ತಿಕ್ಕಾಟ ಎರಡನ್ನೂ ನಿಲ್ಲಿಸಿ.

ವಾರದೊಳಗೆ ಬಲಗಾಲು ಹೋಗುತ್ತದೆಯೇ ಎಂಬ ನಿಮ್ಮ ಭಯಕ್ಕೆ ಬರುತ್ತೇನೆ. ನಡೆದಾಗ ಮಾತ್ರ ನೋವು ಬರುವ ಹಂತದಲ್ಲಿರುವವರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳ ಪ್ರಕಾರ, ಐದು ವರ್ಷಗಳಲ್ಲಿ ಹತ್ತರಲ್ಲಿ ಏಳೆಂಟು ಜನರ ಕಾಲು ಇದ್ದಂತೆಯೇ ಇರುತ್ತದೆ. ದೊಡ್ಡ ಮಟ್ಟದಲ್ಲಿ ಕಾಲು ತೆಗೆಯುವ ಹಂತ ಮುಟ್ಟುವವರು ನೂರರಲ್ಲಿ ಒಬ್ಬರಿಂದ ಮೂವರು. ಮಧುಮೇಹ ಮತ್ತು ಧೂಮಪಾನ ಎರಡೂ ಇರುವವರ ಪಾಲಿಗೆ ಈ ಲೆಕ್ಕ ಇಷ್ಟು ಉದಾರವಾಗಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಹಾಗಿದ್ದರೂ ‘ಒಂದು ವಾರ’ ಎಂಬ ಗಡುವಿಗೆ ನೀವು ಹೇಳಿದ ಲಕ್ಷಣಗಳಲ್ಲಿ ಆಧಾರ ಕಾಣುವುದಿಲ್ಲ. ಅದೇ ಐದು ವರ್ಷಗಳಲ್ಲಿ ಐವರಲ್ಲಿ ಒಬ್ಬರಿಗೆ ಹೃದಯಾಘಾತವೋ ಪಾರ್ಶ್ವವಾಯುವೋ ಆಗುತ್ತದೆ, ಏಕೆಂದರೆ ತೊಡೆಯ ಅಪಧಮನಿಯಲ್ಲಿ ಕೊಬ್ಬು ಕಟ್ಟಿದ ಕಾಯಿಲೆ ಹೃದಯಕ್ಕೂ ಮಿದುಳಿಗೂ ಹೋಗುವ ನಾಳಗಳನ್ನು ಬಿಟ್ಟಿರುವುದಿಲ್ಲ. ಕಾಲು ಉಳಿಸುವ ಗಲಾಟೆಯಲ್ಲಿ ಮನೆಮಂದಿಯೂ, ಕೆಲವೊಮ್ಮೆ ವೈದ್ಯರೂ ಮರೆಯುವ ಸಂಗತಿ ಇದು.

ಹೀಗಾಗಿ ಚಿಕಿತ್ಸೆಯ ಮೊದಲ ಭಾಗ ಎರಡೂ ಕಾಲುಗಳಿಗೂ ಎದೆಗೂ ಸೇರಿದ್ದು. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್, ಕೊಲೆಸ್ಟ್ರಾಲ್ ಎಷ್ಟೇ ಇರಲಿ ಸ್ಟ್ಯಾಟಿನ್ ಮಾತ್ರೆ (ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ 70ಕ್ಕಿಂತ ಕೆಳಗಿಳಿಯುವುದು ಗುರಿ), ಬಿಪಿ ಮತ್ತು ಸಕ್ಕರೆಯ ಹತೋಟಿ. ಆಸ್ಪಿರಿನ್ ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಬಹುದು, ಸ್ಟ್ಯಾಟಿನ್‌ನಿಂದ ಕೆಲವರಿಗೆ ಮೈಕೈ ನೋವು ಬರುತ್ತದೆ. ಎರಡನ್ನೂ ವೈದ್ಯರಿಗೆ ಹೇಳದೆ ನಿಲ್ಲಿಸಬಾರದು. ಬೀಡಿಯ ವಿಷಯ ನಿಮ್ಮ ತಂದೆಯವರಿಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ‘ಕಡಿಮೆ ಮಾಡಿದ್ದೇನೆ’ ಎನ್ನುವುದರಿಂದ ರಕ್ತನಾಳಕ್ಕೆ ಹೆಚ್ಚಿನ ಲಾಭವಿಲ್ಲ, ಪೂರ್ತಿ ಬಿಡಬೇಕು. ಬಿಡಲು ನಿಕೋಟಿನ್ ಗಮ್ ಮತ್ತು ಮಾತ್ರೆಗಳ ಸಹಾಯ ಕೇಳುವುದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಬಲಗಾಲಿನ ನೋವಿಗೆ ಅತ್ಯಂತ ಒಳ್ಳೆಯ ಔಷಧ ನಡಿಗೆಯೇ ಎಂದರೆ ಹಲವರು ನಂಬುವುದಿಲ್ಲ. ವಾರಕ್ಕೆ ಕನಿಷ್ಠ ಮೂರು ದಿನ, ಪ್ರತಿ ಸಲ 30ರಿಂದ 45 ನಿಮಿಷ: ನೋವು ತಕ್ಕಮಟ್ಟಿಗೆ ಜೋರಾಗುವವರೆಗೆ ನಡೆಯುವುದು, ನಿಲ್ಲುವುದು, ಹೋದ ಮೇಲೆ ಮತ್ತೆ ನಡೆಯುವುದು. ಹೀಗೆ ಮೂರು ತಿಂಗಳು ಬಿಡದೆ ಮಾಡಿದವರಲ್ಲಿ ನೋವಿಲ್ಲದೆ ನಡೆಯುವ ದೂರ ಗಣನೀಯವಾಗಿ ಹೆಚ್ಚುತ್ತದೆ. ಬ್ಲಾಕ್ ಇದ್ದಲ್ಲೇ ಇರುತ್ತದೆ. ಇರುವಷ್ಟು ರಕ್ತವನ್ನೇ ಚೆನ್ನಾಗಿ ಬಳಸಿಕೊಳ್ಳಲು ಮಾಂಸಖಂಡ ಕಲಿಯುತ್ತದೆ, ಅಕ್ಕಪಕ್ಕದ ಸಣ್ಣ ನಾಳಗಳಿಗೂ ಪ್ರಚೋದನೆ ಸಿಗುತ್ತದೆ. ಆದರೆ ಇಲ್ಲೊಂದು ಅಡ್ಡಿಯಿದೆ: ಎಡ ಪಾದದಲ್ಲಿ ಹುಣ್ಣಿದ್ದರೆ ಅದು ಮಾಗುವವರೆಗೆ ಈ ನಡಿಗೆ ಆರಂಭಿಸುವಂತಿಲ್ಲ, ಹೃದಯದ ಸ್ಥಿತಿಯನ್ನೂ ಒಮ್ಮೆ ನೋಡಿಸಿರಬೇಕು. ಸಿಲೊಸ್ಟಜಾಲ್ ಎಂಬ ಮಾತ್ರೆ ನಡೆಯುವ ದೂರವನ್ನು ಸ್ವಲ್ಪ ಹೆಚ್ಚಿಸುತ್ತದೆ. ತಲೆನೋವು, ಎದೆ ಡವಡವ ಸಾಮಾನ್ಯ. ಹೃದಯದ ವೈಫಲ್ಯ ಇರುವವರಿಗೆ ಕೊಡಲೇಬಾರದು.

ಆಂಜಿಯೋಪ್ಲಾಸ್ಟಿ ತಪ್ಪು ಎಂದು ನಾನು ಹೇಳುತ್ತಿಲ್ಲ, ನಿತ್ಯ ಮಾಡುವ ಕೆಲಸವೇ ಅದು. ಮೂರರಿಂದ ಆರು ತಿಂಗಳು ನಡಿಗೆ ಮತ್ತು ಔಷಧ ಪ್ರಯತ್ನಿಸಿದ ಮೇಲೂ ಹೊಲದ ಕೆಲಸ ನಡೆಯುತ್ತಿಲ್ಲವೆಂದಾದರೆ ಅದು ನ್ಯಾಯವಾದ ಆಯ್ಕೆ. ತೊಡೆಸಂದಿನಲ್ಲಿ ಚುಚ್ಚಿ, ಬಲೂನಿನಿಂದ ನಾಳ ಹಿಗ್ಗಿಸಿ, ಬೇಕಾದರೆ ಸ್ಟೆಂಟ್ ಎಂಬ ಲೋಹದ ಜಾಲರಿ ಕೊಳವೆ ಇಡುತ್ತಾರೆ. ಪರಿಹಾರ ಬೇಗ ಸಿಗುತ್ತದೆ. ಅಪಾಯಗಳೂ ಇವೆ: ಚುಚ್ಚಿದ ಜಾಗದಲ್ಲಿ ರಕ್ತಸ್ರಾವ, ಚೂರು ಕಳಚಿ ಕೆಳಗಿನ ನಾಳಕ್ಕೆ ಸಿಕ್ಕಿಕೊಳ್ಳುವುದು, ಬಣ್ಣದ ಔಷಧದಿಂದ ಕಿಡ್ನಿಗೆ ಪೆಟ್ಟು. ಮಧುಮೇಹಿಗಳಿಗೆ ಕ್ರಿಯಾಟಿನಿನ್ ಪರೀಕ್ಷೆ ಮೊದಲೇ ಆಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತೊಡೆಯ ಈ ಉದ್ದನೆಯ ನಾಳ ಪ್ರತಿ ಹೆಜ್ಜೆಗೂ ಬಾಗಿ ತಿರುಚಿಕೊಳ್ಳುವುದರಿಂದ ಹೃದಯದ ಸ್ಟೆಂಟಿನಷ್ಟು ಭರವಸೆಯಿಂದ ಇಲ್ಲಿ ಮಾತಾಡಲಾಗದು. ಮೊದಲ ಒಂದೆರಡು ವರ್ಷಗಳಲ್ಲಿಯೇ ಮತ್ತೆ ಕಿರಿದಾಗುವುದು ಅಪರೂಪವಲ್ಲ. ಮುಚ್ಚಿಹೋದ ಸ್ಟೆಂಟ್ ಕೆಲವೊಮ್ಮೆ ಕಾಲನ್ನು ಮೊದಲಿಗಿಂತ ಕೆಟ್ಟ ಸ್ಥಿತಿಗೆ ತಳ್ಳುತ್ತದೆ. ಬೈಪಾಸ್ ಶಸ್ತ್ರಚಿಕಿತ್ಸೆ ಹೆಚ್ಚು ಬಾಳಿಕೆ ಬರುತ್ತದೆ, ಅದರಲ್ಲೂ ಸ್ವಂತ ಕಾಲಿನ ಸಫೀನಸ್ ಅಭಿಧಮನಿಯನ್ನು ಬಳಸಿದರೆ. ಅರಿವಳಿಕೆ, ಹೊಲಿಗೆ, ಹೃದಯದ ಮೇಲಿನ ಹೊರೆ ಅದಕ್ಕೆ ತೆರುವ ಬೆಲೆ. ಯಾರಾದರೂ ‘ವೆರಿಕೋಸ್’ ಎಂದು ಆ ಅಭಿಧಮನಿಗೆ ಲೇಸರ್ ಮಾಡಿಸಲು ಹೇಳಿದರೆ ಬೇಡವೆನ್ನಿ. ನಿಮ್ಮ ತಂದೆಯವರಿಗೆ ಮುಂದೆ ಅದು ಬೇಕಾಗಬಹುದು.

ಔಷಧ ಅಂಗಡಿಯ ಬಿಗಿ ಸಾಕ್ಸನ್ನು ಇವತ್ತೇ ತೆಗೆಸಿ. ಅಭಿಧಮನಿಯ ಕಾಯಿಲೆಗೆ ಉಪಕಾರಿಯಾದ ಅದೇ ಒತ್ತಡ, ರಕ್ತ ಕಡಿಮೆಯಿರುವ ಮತ್ತು ಸ್ಪರ್ಶಜ್ಞಾನವಿಲ್ಲದ ಕಾಲಿನ ಚರ್ಮವನ್ನು ಸಾಯಿಸಬಲ್ಲದು. ಡ್ರಿಪ್ ಎಂದು ನಿಮ್ಮ ಸಂಬಂಧಿಕರು ಹೇಳುತ್ತಿರುವುದು ಕೀಲೇಶನ್ ಚಿಕಿತ್ಸೆ ಇರಬೇಕು. ಇಡಿಟಿಎ ಎಂಬ ರಾಸಾಯನಿಕ ಕ್ಯಾಲ್ಸಿಯಂ ಹಿಡಿದುಕೊಂಡು ಹೊರಹಾಕುತ್ತದೆ ಎಂಬ ಸರಳ ತರ್ಕ ಅದರ ಹಿಂದಿದೆ, ಕಾಲಿನ ಬ್ಲಾಕ್ ಅದರಿಂದ ಕರಗುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ರಕ್ತದ ಕ್ಯಾಲ್ಸಿಯಂ ಕುಸಿಯುವ, ಕಿಡ್ನಿ ಕೆಡುವ ಅಪಾಯವಿದೆ. ಬೆಳ್ಳುಳ್ಳಿ ತಿನ್ನಲಿ, ಊಟಕ್ಕೆ ರುಚಿ. ಮಾತ್ರೆಯ ಬದಲಿಗೆ ಅಲ್ಲ.

ಕೆಲವು ಲಕ್ಷಣಗಳು ಕಂಡರೆ ಮಾತ್ರ ಮೇಲಿನ ನಿಧಾನವನ್ನೆಲ್ಲ ಬದಿಗಿಡಬೇಕು. ರಾತ್ರಿ ಮಲಗಿದಾಗ ಪಾದದಲ್ಲಿ ನೋವು ಬಂದು, ಕಾಲನ್ನು ಮಂಚದಿಂದ ಇಳಿಬಿಟ್ಟರೆ ಕಡಿಮೆಯಾಗುವುದು, ಎರಡು ವಾರವಾದರೂ ಒಣಗದ ಗಾಯ, ಬೆರಳು ಕಪ್ಪಾಗುವುದು: ಇವು ಕಂಡರೆ ಆಂಜಿಯೋಪ್ಲಾಸ್ಟಿ ಅಥವಾ ಬೈಪಾಸ್ ಆಯ್ಕೆಯಾಗಿ ಉಳಿಯುವುದಿಲ್ಲ, ಕಾಲು ಉಳಿಸಲು ದಿನಗಳೊಳಗೆ ಬೇಕಾಗುತ್ತದೆ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿಕೊಂಡು, ಬೆರಳು ಅಲ್ಲಾಡಿಸಲು ಆಗದಿದ್ದರೆ ಗಂಟೆಗಳ ಲೆಕ್ಕ. ಡಾಪ್ಲರ್ ಎಲ್ಲಿ ಸಿಗುತ್ತದೆಂದು ಹುಡುಕದೆ ರಕ್ತನಾಳದ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ನೇರವಾಗಿ ಹೊರಡಿ.

ಅಣ್ಣನವರಿಗೆ ಡಾಪ್ಲರ್ ಬೇಡ. 41ರ ವಯಸ್ಸಿನಲ್ಲಿ, ಮಧುಮೇಹವಿಲ್ಲದೆ, ನಡೆಯುವಾಗ ನೋವಿಲ್ಲದೆ ಇರುವವರಿಗೆ ಸ್ಕ್ಯಾನಿನಿಂದ ಸಿಗುವುದು ಹೆಚ್ಚೇನಿಲ್ಲ. ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ಪರೀಕ್ಷೆಗಳನ್ನು ಮಾಡಿಸಿ, ಸಿಗರೇಟು ಬಿಡಲಿ. ಆದರೆ ಅವರಿಗೆ ನಡೆಯುವಾಗ ಅಂಗಾಲಿನ ನಡುವೆ ನೋವು ಬರುತ್ತಿದ್ದರೆ, ಬೆರಳ ತುದಿಯಲ್ಲಿ ಮಾಗದ ಹುಣ್ಣು ಕಂಡರೆ ತಡಮಾಡಬಾರದು. ಬರ್ಜರ್ಸ್ ಎಂಬ ಇನ್ನೊಂದು ಕಾಯಿಲೆ, ಧೂಮಪಾನ ಮಾಡುವ ಸಣ್ಣ ವಯಸ್ಸಿನ ಗಂಡಸರ ಕಾಲಿನ ಕೆಳಭಾಗದ ಮತ್ತು ಕೈಯ ಸಣ್ಣ ನಾಳಗಳನ್ನೇ ಹಿಡಿಯುತ್ತದೆ. ಅದರಲ್ಲಿ ಬಲೂನು, ಬೈಪಾಸುಗಳಿಂದ ಆಗುವ ಉಪಯೋಗ ಬಹಳ ಸೀಮಿತ, ಮತ್ತು ತಂಬಾಕನ್ನು ಪೂರ್ತಿ ಬಿಟ್ಟವರಲ್ಲಿ ಹೆಚ್ಚಿನವರ ಕಾಲು ಉಳಿಯುತ್ತದೆ.